ದೊಡ್ಡಪತ್ರೆಗೆ ಬೇಕಿರೋದು ಚೊಂಬಲ್ಲ, ಕತ್ತರಿ

ಪ್ರಶ್ನೆ: ನಮ್ಮದು ಬೆಂಗಳೂರಿನಲ್ಲಿ ಮೂರನೇ ಮಹಡಿಯ ಫ್ಲ್ಯಾಟ್. ಬಾಲ್ಕನಿ ಪಶ್ಚಿಮಕ್ಕಿದೆ. ಶಿರಸಿಯಿಂದ ಅಮ್ಮ ಎರಡು ಸಲ ದೊಡ್ಡಪತ್ರೆ ಗಿಡ ಕಳಿಸಿದರು. ದಿನಾ ನೀರು ಹಾಕಿ ನೋಡಿಕೊಂಡರೂ ಎರಡೂ ಬುಡ ಕಪ್ಪಾಗಿ ಸತ್ತವು. ಈಗ ನರ್ಸರಿಯಿಂದ ತಂದ ಮೂರನೆಯದನ್ನು ಅಡುಗೆಮನೆಯ ಒಳಗೆ ಇಟ್ಟಿದ್ದೇನೆ. ಅದು ಸತ್ತಿಲ್ಲ, ಆದರೆ ಒಂದೇ ಕಡ್ಡಿಯಾಗಿ ಉದ್ದಕ್ಕೆ ಬೆಳೆದು ವಾಲಿದೆ. ಎಲೆ ದೊಡ್ಡದು, ತೆಳುವು, ಘಮವೇ ಇಲ್ಲ. ಪಕ್ಕದ ಮನೆಯವರು ಇದು ಅಜವಾನದ ಗಿಡ ಅನ್ನುತ್ತಾರೆ, ನಿಜವಾ? ಇನ್ನೊಂದು ವಿಷಯ, 8 ತಿಂಗಳ ಮಗುವಿಗೆ ನೆಗಡಿಯಾದಾಗ ಇದರ ರಸವನ್ನು ಜೇನುತುಪ್ಪದಲ್ಲಿ ಕೊಡು ಅಂತ ಅತ್ತೆ ಹೇಳುತ್ತಾರೆ. ಕೊಡಬಹುದಾ?

ಉತ್ತರ: ‘ದಿನಾ ನೀರು ಹಾಕಿ ನೋಡಿಕೊಂಡರೂ’ ಅಂತ ಬರೆದಿದ್ದೀರಿ. ಆ ‘ದಿನಾ’ ಅನ್ನೋ ಪದದಲ್ಲೇ ಎರಡು ಗಿಡಗಳ ಕಥೆ ಮುಗಿದಿದೆ.

ಒಂದು ಎಲೆ ಕಿತ್ತು ನಡುವೆ ಮುರಿದು ನೋಡಿ. ಎಳೆ ಸೌತೆಕಾಯಿ ಮುರಿದ ಹಾಗೆ ಟಕ್ ಅಂತ ಮುರಿಯುತ್ತದೆ, ಮುರಿದ ಕಡೆ ನೀರು ಒಸರುತ್ತದೆ. ತುಳಸಿ ಎಲೆ ಹೀಗೆ ಮುರಿಯೋದಿಲ್ಲ, ಮಡಚಿಕೊಳ್ಳುತ್ತದೆ. ತುಳಸಿ, ಪುದೀನ, ದೊಡ್ಡಪತ್ರೆ ಮೂರೂ ಒಂದೇ ಕುಟುಂಬದವು. ಆದರೆ ನೀರಿನ ವಿಷಯದಲ್ಲಿ ದೊಡ್ಡಪತ್ರೆಯ ದಾರಿ ಬೇರೆ. ಅದು ನೀರನ್ನು ಎಲೆಯಲ್ಲಿ, ಕಾಂಡದಲ್ಲಿ ಕೂಡಿಟ್ಟುಕೊಂಡು ನಿಧಾನವಾಗಿ ಖರ್ಚು ಮಾಡುತ್ತದೆ. ಆಫ್ರಿಕಾದ ದಕ್ಷಿಣ ಮತ್ತು ಪೂರ್ವ ಭಾಗ, ಅರೇಬಿಯಾ, ನಮ್ಮ ದೇಶ ಇದರ ತವರು. ಕಲ್ಲು ಬಂಡೆಗಳ ಸಂದಿಯಲ್ಲಿ, ಸಿಕ್ಕಾಗ ಸಿಕ್ಕಷ್ಟು ನೀರು ಕುಡಿದು ಬದುಕಿ ಗೊತ್ತಿರುವ ಗಿಡ. ಪುದೀನಕ್ಕೆ ಹಾಕಿದ ಹಾಗೆ ಇದಕ್ಕೂ ನೀರು ಹಾಕಿದರೆ ಮಣ್ಣಿನ ಸಂದುಗಳಲ್ಲಿರೋ ಗಾಳಿಯೆಲ್ಲ ಹೊರಗೆ ಹೋಗುತ್ತದೆ. ಬೇರಿಗೂ ಉಸಿರು ಬೇಕಲ್ವಾ? ಉಸಿರು ಕಟ್ಟಿದ ಬೇರನ್ನು ಒದ್ದೆ ಮಣ್ಣಿನ ಶಿಲೀಂಧ್ರಗಳು ಹಿಡಿಯುತ್ತವೆ. ಬುಡ ಕಪ್ಪಾಗೋದು ಹಾಗೆ.

‘ಶಿರಸಿಯಲ್ಲಿ ಅಷ್ಟು ಮಳೆ ಹೊಡೆದರೂ ಅಮ್ಮನ ಗಿಡ ಸಾಯಲ್ಲವಲ್ಲ’ ಅಂತ ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಅಲ್ಲಿ ಬೆಂಗಳೂರಿನ ಎರಡು ಪಟ್ಟಿಗಿಂತ ಜಾಸ್ತಿ ಮಳೆ ಬೀಳುತ್ತದೆ. ಆದರೆ ಆ ಕಡೆ ಮನೆಗಳಲ್ಲಿ ಈ ಗಿಡ ಎಲ್ಲಿರುತ್ತದೆ ಅಂತ ನೆನಪು ಮಾಡಿಕೊಳ್ಳಿ. ಅಂಗಳದ ಅಂಚಿನ ಕಟ್ಟೆ ಮೇಲೆ, ಇಲ್ಲವೇ ಚಿರೇಕಲ್ಲಿನ ಪಾಗಾರದ ಬುಡದಲ್ಲಿ. ಎಷ್ಟೇ ಮಳೆ ಬಂದರೂ ನೀರು ಅಲ್ಲಿ ನಿಲ್ಲೋದಿಲ್ಲ, ಇಳಿದು ಹೋಗುತ್ತದೆ. ನಿಮ್ಮ ಬಾಲ್ಕನಿಯಲ್ಲಿ ಇಳಿದು ಹೋಗೋಕೆ ಜಾಗ ಎಲ್ಲಿದೆ? ಕುಂಡದ ಕೆಳಗೆ ತಟ್ಟೆ ಇಟ್ಟಿರುತ್ತೀರಿ, ಟೈಲ್ಸ್ ಕೊಳೆಯಾಗಬಾರದು ಅಂತ. ಆ ತಟ್ಟೆಯಲ್ಲಿ ನಿಂತ ನೀರನ್ನೇ ಗಿಡ ಹಗಲೂ ರಾತ್ರಿ ಕುಡಿಯಬೇಕು. ತಟ್ಟೆ ತೆಗೆದುಬಿಡಿ. ಕುಂಡವನ್ನು ಎರಡು ಹೆಂಚಿನ ಚೂರಿನ ಮೇಲೆ ಎತ್ತಿ ಇಡಿ. ಟೈಲ್ಸ್ ಒರೆಸಿದರೆ ಆಯಿತು.

ನರ್ಸರಿ ಗಿಡದ ವಿಷಯದಲ್ಲಿ ಇನ್ನೊಂದು ಮೋಸ ಇದೆ. ಒಮ್ಮೆ ನಾನೂ ಬಿದ್ದಿದ್ದೇನೆ. ತಂದ ಗಿಡವನ್ನು ಒಳ್ಳೆ ಮಣ್ಣಿಗೆ ಹಾಕಿದೆ, ಮೇಲ್ಮಣ್ಣು ಒಣಗಿದ ಮೇಲೆಯೇ ನೀರು ಕೊಟ್ಟೆ. ಆದರೂ ಮೂರು ವಾರಕ್ಕೆ ಬುಡ ಮೆತ್ತಗಾಯಿತು. ಕಿತ್ತು ನೋಡಿದರೆ ಬೇರಿನ ನಡುವೆ ಮುಷ್ಟಿ ಗಾತ್ರದ ಕೋಕೋಪೀಟ್ ಉಂಡೆ, ಅಂದರೆ ತೆಂಗಿನ ನಾರಿನ ಪುಡಿ. ಸುತ್ತಲಿನ ಮಣ್ಣು ಪುಡಿ ಪುಡಿಯಾಗಿ ಒಣಗಿದೆ. ಉಂಡೆ ಹಿಂಡಿದರೆ ನೀರು ತೊಟ್ಟಿಕ್ಕುತ್ತಿದೆ, ಚರಂಡಿ ವಾಸನೆ ಬೇರೆ. ನರ್ಸರಿಯವರಿಗೆ ಕೋಕೋಪೀಟ್ ಅನುಕೂಲ. ಹಗುರ, ಸಾಗಿಸೋದು ಸುಲಭ, ನೀರು ಹಿಡಿದಿಡುತ್ತದೆ. ದೊಡ್ಡಪತ್ರೆಗೆ ಬೇಡದೇ ಇರೋದು ಅದೇ ಕೊನೆಯ ಗುಣ. ಅಂದಿನಿಂದ ನರ್ಸರಿ ಗಿಡ ತಂದರೆ ಗಿಡ ನೆಡೋದೇ ಇಲ್ಲ. ತುದಿ ಕತ್ತರಿಸಿ ಕಡ್ಡಿ ನೆಡುತ್ತೇನೆ. ನೀವೂ ಹಾಗೇ ಮಾಡಿ. ನಿಮ್ಮ ಮೂರನೇ ಗಿಡಕ್ಕೆ ಅದೇ ಮದ್ದು.

ಮೊದಲು ಆ ಗಿಡ ಯಾಕೆ ಹಾಗಾಯಿತು ಅಂತ ಹೇಳಿಬಿಡುತ್ತೇನೆ. ಅಡುಗೆಮನೆ ಒಳಗೆ ನಮ್ಮ ಕಣ್ಣಿಗೆ ಸಾಕಷ್ಟು ಬೆಳಕಿದೆ ಅನ್ನಿಸುತ್ತದೆ. ಗಿಡದ ಲೆಕ್ಕದಲ್ಲಿ ಅದು ಮಬ್ಬುಗತ್ತಲು. ಬೆಳಕು ಹುಡುಕಿಕೊಂಡು ಕಾಂಡ ಉದ್ದ ಆಗುತ್ತದೆ, ಸಿಕ್ಕ ಅಲ್ಪ ಬೆಳಕು ಹಿಡಿಯೋಕೆ ಎಲೆ ಅಗಲ ಆಗುತ್ತದೆ. ಆ ಅಗಲವಾದ ಎಲೆ ನೋಡಿ ‘ಚೆನ್ನಾಗಿ ಬಂದಿದೆ’ ಅಂದುಕೊಳ್ಳುವವರೇ ಜಾಸ್ತಿ. ಘಮ ಇರೋದು ಎಲೆಯ ಮೇಲಿನ ಸಣ್ಣ ರೋಮಗಳ ನಡುವೆ, ಕಣ್ಣಿಗೆ ಕಾಣದಷ್ಟು ಪುಟ್ಟ ಎಣ್ಣೆ ಚೀಲಗಳಲ್ಲಿ. ಬಿಸಿಲು ಸಾಲದ ಎಲೆಯಲ್ಲಿ ಎಣ್ಣೆ ಕಡಿಮೆ. ಒಳ್ಳೆಯ ದೊಡ್ಡಪತ್ರೆ ಎಲೆ ಅಂಗೈಯಷ್ಟು ದೊಡ್ಡದಿರಬೇಕಿಲ್ಲ. ದಪ್ಪ ಇರಬೇಕು, ಮುಟ್ಟಿದರೆ ತರಿತರಿ ಅನ್ನಿಸಬೇಕು, ಬೆರಳಿಗೆ ಹತ್ತಿದ ವಾಸನೆ ಸೋಪು ಹಾಕಿ ತೊಳೆದರೂ ಸ್ವಲ್ಪ ಹೊತ್ತು ಇರಬೇಕು.

ನಿಮ್ಮ ಪಶ್ಚಿಮದ ಬಾಲ್ಕನಿ ಒಳ್ಳೆಯ ಜಾಗವೇ. ದಿನಕ್ಕೆ ನಾಲ್ಕೈದು ಗಂಟೆ ಬಿಸಿಲು ಸಿಕ್ಕರೆ ಈ ಗಿಡಕ್ಕೆ ಧಾರಾಳ. ಬೆಳಗಿನ ಎಳೆ ಬಿಸಿಲಾದರೆ ಇನ್ನೂ ಒಳ್ಳೆಯದು, ಆದರೆ ಇರೋ ಬಾಲ್ಕನಿಯನ್ನು ತಿರುಗಿಸೋಕಾಗಲ್ಲವಲ್ಲ. ಮಾರ್ಚ್‌ನಿಂದ ಮೇ ತನಕ ಮಾತ್ರ ಹುಷಾರು. ಮಧ್ಯಾಹ್ನದ ಬಿಸಿಲಿಗೆ ಗೋಡೆ, ನೆಲ ಎರಡೂ ಕಾದಿರುತ್ತವೆ. ಆಗ ಎಲೆ ಚಿಕ್ಕದಾಗಿ, ಹಳದಿಗೆ ತಿರುಗಿ, ಅಂಚು ಸ್ವಲ್ಪ ಕೆಂಪಗಾಗುತ್ತದೆ. ಗಾಬರಿ ಬೇಡ, ಅದು ರೋಗ ಅಲ್ಲ. ದಾಸವಾಳದಂಥ ಎತ್ತರದ ಗಿಡದ ಹಿಂದೆ ಸರಿಸಿ ಇಡಿ, ಸಾಕು.

ಈಗ ಕಡ್ಡಿ ನೆಡುವ ಕೆಲಸ. ಈ ಗಿಡ ಹೂ ಬಿಡೋದೇ ಅಪರೂಪ, ಬೀಜದ ಮಾತಂತೂ ಬೇಡ. ತಲೆಮಾರುಗಳಿಂದ ಒಂದು ಮನೆಯಿಂದ ಇನ್ನೊಂದು ಮನೆಗೆ ಕಡ್ಡಿಯಾಗಿಯೇ ಹೋಗಿದೆ. ನಿಮ್ಮ ಉದ್ದದ ಕಡ್ಡಿಯಿಂದ ನಾಲ್ಕೈದು ಇಂಚಿನ ತುಂಡುಗಳನ್ನು ಕತ್ತರಿಸಿ. ಗೆಣ್ಣಿನ ಸ್ವಲ್ಪ ಕೆಳಗೆ ಕತ್ತರಿಸಬೇಕು, ಬೇರು ಬರೋದು ಗೆಣ್ಣಿಂದ. ಕೆಳಗಿನ ಎರಡು ಜೋಡಿ ಎಲೆ ಕಿತ್ತುಬಿಡಿ. ಆಮೇಲೆ ತಕ್ಷಣ ನೆಡಬೇಡಿ. ತುಂಡುಗಳನ್ನು ಅರ್ಧ ದಿನ ನೆರಳಲ್ಲಿ ಸುಮ್ನೆ ಬಿಡಿ, ರಾತ್ರಿಯಿಡೀ ಬಿಟ್ಟರೂ ತೊಂದರೆ ಇಲ್ಲ. ಕತ್ತರಿಸಿದ ಗಾಯ ಒಣಗಿ ಮುಚ್ಚಿಕೊಳ್ಳಬೇಕು. ಹಸಿ ಗಾಯವನ್ನು ಹಸಿ ಮಣ್ಣಿಗೆ ಹಾಕಿದರೆ ಕೊಳೆ ಅಲ್ಲಿಂದಲೇ ಶುರು. ಎಷ್ಟೋ ಜನ ಎಡವೋದು ಈ ಒಂದು ಹೆಜ್ಜೆಯಲ್ಲಿ.

ಕುಂಡ 8ರಿಂದ 10 ಇಂಚಿನದು ಸಾಕು. ಮಣ್ಣಿನದಾದರೆ ಒಳ್ಳೆಯದು, ಗೋಡೆಯಿಂದಲೂ ತೇವ ಆರುತ್ತದೆ. ಪೇಂಟ್ ಡಬ್ಬಿಯಾದರೂ ನಡೆಯುತ್ತದೆ, ತಳದಲ್ಲಿ ನಾಲ್ಕೈದು ತೂತು ಇರಬೇಕು ಅಷ್ಟೆ. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ದಪ್ಪ ಮರಳು, ಒಂದು ಪಾಲು ಎರೆಗೊಬ್ಬರ ಕಲಸಿ. ಮರಳು ಸಿಗದಿದ್ದರೆ ಇಟ್ಟಿಗೆ ಜಜ್ಜಿದ ಪುಡಿ ಹಾಕಿ. ಕಲಸಿದ ಮಣ್ಣನ್ನು ಸ್ವಲ್ಪ ಒದ್ದೆ ಮಾಡಿ ಮುಷ್ಟಿಯಲ್ಲಿ ಹಿಡಿದು ಬಿಡಿ. ಕೈ ಬಿಟ್ಟ ಕೂಡಲೇ ಉದುರಿದರೆ ಸರಿ. ಲಾಡು ಹಾಗೆ ನಿಂತರೆ ಇನ್ನೊಂದಿಷ್ಟು ಮರಳು ಬೇಕು. ಒಂದು ಕುಂಡಕ್ಕೆ ಮೂರು ಕಡ್ಡಿ, ಎರಡು ಗೆಣ್ಣು ಮಣ್ಣೊಳಗೆ ಹೋಗುವ ಹಾಗೆ. ಒಂದೇ ಸಲ ನೀರು ಹಾಕಿ ನೆರಳಲ್ಲಿಡಿ. ಮೊದಲೆರಡು ದಿನ ಎಲೆ ಸೊರಗುತ್ತದೆ, ಪಾಪ ಅಂತ ಮತ್ತೆ ನೀರು ಹಾಕೋಕೆ ಹೋಗಬೇಡಿ. 10ರಿಂದ 15 ದಿನದಲ್ಲಿ ತುದಿಯಲ್ಲಿ ಹೊಸ ಎಲೆ ಕಂಡರೆ ಬೇರು ಬಿಟ್ಟಿದೆ ಅಂತ ಅರ್ಥ. ಆಮೇಲೆ ಮೆಲ್ಲಗೆ ಬಿಸಿಲಿಗೆ ಸರಿಸಿ. ಗಾಜಿನ ಲೋಟದ ನೀರಿನಲ್ಲಿಟ್ಟರೂ ಬೇರು ಬರುತ್ತದೆ, ನೋಡೋಕೆ ಚೆಂದ. ಆದರೆ ನೀರಲ್ಲಿ ಬಂದ ಬೇರು ಮಣ್ಣಿಗೆ ಹೊಂದಿಕೊಳ್ಳೋಕೆ ಒದ್ದಾಡುತ್ತದೆ. ನನ್ನ ಮತ ಮಣ್ಣಿಗೇ.

ನೀರು ಎಷ್ಟು ದಿನಕ್ಕೊಮ್ಮೆ ಅಂತ ಎಲ್ಲರೂ ಕೇಳುತ್ತಾರೆ. ದಿನದ ಲೆಕ್ಕ ಕೊಟ್ಟರೆ ತಪ್ಪಾಗುತ್ತದೆ, ಎಲೆಯ ಲೆಕ್ಕ ಕೊಡುತ್ತೇನೆ. ಕೆಳಗಿನ ಒಂದು ಎಲೆಯನ್ನು ಹೆಬ್ಬೆರಳು ತೋರುಬೆರಳ ನಡುವೆ ಮೆಲ್ಲಗೆ ಒತ್ತಿ. ಗಟ್ಟಿಯಾಗಿದ್ದರೆ ನೀರು ಬೇಡ. ಸ್ವಲ್ಪ ಮೆತ್ತಗೆ, ಬಾಗುವ ಹಾಗಿದ್ದರೆ ಮಣ್ಣಿಗೆ ಬೆರಳು ತೂರಿಸಿ. ಎರಡು ಗೆಣ್ಣಿನ ಆಳದ ತನಕ ಒಣಗಿದ್ದರೆ ತಳದಿಂದ ನೀರು ಹೊರಬರುವಷ್ಟು ಹಾಕಿ, ಆಮೇಲೆ ಮರೆತುಬಿಡಿ. ಎಲೆ ಮೆತ್ತಗಿದೆ, ಮಣ್ಣೂ ಒದ್ದೆ ಇದೆ ಅಂದರೆ ಬೇರು ಕೊಳೆಯುತ್ತಿದೆ. ಆಗ ನೀರು ಕೊಟ್ಟರೆ ಕೊಂದ ಹಾಗೆ. ತಕ್ಷಣ ಮೇಲಿನ ಗಟ್ಟಿ ತುದಿಗಳನ್ನು ಕತ್ತರಿಸಿ ಬೇರೆ ನೆಡಿ, ಬುಡವನ್ನು ಬಿಟ್ಟುಬಿಡಿ. ಅಂದಾಜಿಗೆ ಹೇಳೋದಾದರೆ ನಿಮ್ಮ ಬಾಲ್ಕನಿಯಲ್ಲಿ ಬೇಸಿಗೆಗೆ ಎರಡು ಮೂರು ದಿನಕ್ಕೊಮ್ಮೆ, ಚಳಿಗಾಲದಲ್ಲಿ ವಾರಕ್ಕೊಮ್ಮೆ ಬರಬಹುದು. ಸೆಪ್ಟೆಂಬರ್, ಅಕ್ಟೋಬರ್ ಮಳೆಯಲ್ಲಿ ಎರಚಲು ಬಡಿಯುತ್ತಿದ್ದರೆ ಒಂದು ಹನಿಯೂ ಬೇಡ.

ಇನ್ನು ಕತ್ತರಿ. ಗಿಡ ಅರ್ಧ ಅಡಿ ಆಗುತ್ತಿದ್ದ ಹಾಗೆ ತುದಿ ಚಿವುಟಿ. ಮನಸ್ಸು ಬರೋದಿಲ್ಲ, ಗೊತ್ತು. ಆದರೆ ಚಿವುಟಿದ ಜಾಗದ ಕೆಳಗಿನ ಜೋಡಿ ಎಲೆಗಳ ಕಂಕುಳಿಂದ ಎರಡು ಚಿಗುರು ಏಳುತ್ತವೆ. ಅವೆರಡನ್ನೂ ಚಿವುಟಿದರೆ ನಾಲ್ಕು. ಚಿವುಟದೇ ಬಿಟ್ಟರೆ ಒಂದೇ ಕಡ್ಡಿ ಮೇಲಕ್ಕೆ ಹೋಗಿ, ಭಾರಕ್ಕೆ ವಾಲಿ, ಬುಡ ಬೋಳಾಗುತ್ತದೆ. ನಿಮ್ಮದು ವಾಲಿರೋದಕ್ಕೆ ಕತ್ತಲು ಅರ್ಧ ಕಾರಣವಾದರೆ, ನೀವು ಒಂದು ದಿನವೂ ತಂಬುಳಿ ಮಾಡದೇ ಇದ್ದದ್ದು ಇನ್ನರ್ಧ. ಒಂದೊಂದೇ ಎಲೆ ಕೀಳಬೇಡಿ. ಎರಡು ಜೋಡಿ ಎಲೆ ಇರುವ ತುದಿಯನ್ನೇ ಕತ್ತರಿಸಿ ಅಡುಗೆಗೆ ತಗೊಳ್ಳಿ. ಎರಡು ತಿಂಗಳಿಗೊಮ್ಮೆ ಒಂದು ಹಿಡಿ ಎರೆಗೊಬ್ಬರ ಕೊಟ್ಟರೆ ಸಾಕು. ಗೊಬ್ಬರ ಜಾಸ್ತಿಯಾದರೆ ಮತ್ತೆ ಅದೇ ನೀರು ತುಂಬಿದ ದೊಡ್ಡ ಎಲೆ. ಒಂದೂವರೆ ಎರಡು ವರ್ಷಕ್ಕೆ ಕಾಂಡ ಸೌದೆಯಂತಾದಾಗ ಹೊಸ ಕಡ್ಡಿ ನೆಟ್ಟು ಹಳೆಯದನ್ನು ಕಿತ್ತುಹಾಕಿ.

ರೋಗ ಕೀಟ ಕಡಿಮೆ. ಎಲೆಯ ಕಂಕುಳಲ್ಲಿ ಬಿಳಿ ಹತ್ತಿಯಂಥದ್ದು ಕಂಡರೆ ಅದು ಹಿಟ್ಟು ತಿಗಣೆ. ಆ ತುದಿ ಕತ್ತರಿಸಿ ಎಸೆಯಿರಿ. ಜಾಸ್ತಿ ಇದ್ದರೆ 1 ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ನಾಲ್ಕು ಹನಿ ಸೋಪಿನ ನೀರು ಕಲಸಿ ಸಂಜೆ ಸಿಂಪಡಿಸಿ. ಒಂದು ವಾರ ಆ ಗಿಡದ ಎಲೆ ಅಡುಗೆಗೆ ಬೇಡ. ಮನೆಯಲ್ಲಿ ನಾಯಿ, ಬೆಕ್ಕು ಇದ್ದರೆ ಗಿಡ ಅವಕ್ಕೆ ಸಿಗದ ಹಾಗಿಡಿ. ಮೆದ್ದರೆ ವಾಂತಿ ಭೇದಿ ಆಗುತ್ತದೆ.

ಪಕ್ಕದ ಮನೆಯವರ ಮಾತು ಅರ್ಧ ಸರಿ. ವಾಸನೆ ಅಜವಾನದ್ದೇ. ಓಮಕ್ಕೆ ಆ ಘಾಟು ಕೊಡುವ ಥೈಮಾಲ್ ಇದರಲ್ಲೂ ಇದೆ, ಜೊತೆಗೆ ಅದರ ಹತ್ತಿರದ ನೆಂಟ ಕಾರ್ವಕ್ರಾಲ್. ಆದರೆ ಓಮದ ಕಾಳು ಬರೋದು ಬೇರೆಯೇ ಗಿಡದಿಂದ. ಅದು ಕೊತ್ತಂಬರಿ, ಜೀರಿಗೆಗಳ ಕುಟುಂಬದ್ದು. ಎಲೆ ಸಬ್ಬಸಿಗೆಯ ಹಾಗೆ ಎಳೆ ಎಳೆ. ನಿಮ್ಮ ಕುಂಡದಲ್ಲಿ ಎಷ್ಟು ವರ್ಷ ಕಾದರೂ ಓಮದ ಕಾಳು ಬಿಡೋದಿಲ್ಲ. ವಾಸನೆ ಹಿಡಿದು ಹೆಸರಿಡೋದು ನಮ್ಮಲ್ಲಿ ಮಾತ್ರ ಅಲ್ಲ. ತೆಲುಗಿನವರು ವಾಮಾಕು ಅಂದರು, ತಮಿಳರು ಓಮವಳ್ಳಿ ಅಂದರು. ನಮ್ಮಲ್ಲೇ ಕೆಲವು ಕಡೆ ಸಾಂಬ್ರಾಣಿ ಸೊಪ್ಪು, ಕೆಲವು ಕಡೆ ಸಾಂಬಾರಬಳ್ಳಿ. ಇಂಗ್ಲಿಷಿನಲ್ಲಂತೂ ಕ್ಯೂಬನ್ ಓರೆಗಾನೊ, ಮೆಕ್ಸಿಕನ್ ಮಿಂಟ್. ಎರಡೂ ದೇಶ ಇದರ ತವರಲ್ಲ, ಎರಡೂ ಸೊಪ್ಪು ಇದಲ್ಲ! ಸಸ್ಯಶಾಸ್ತ್ರದ ಹೆಸರು ಕೋಲಿಯಸ್ ಅಂಬೊಯ್ನಿಕಸ್, 1790ರಲ್ಲಿ ಲೊರೇರೊ ಅನ್ನುವ ಪೋರ್ಚುಗೀಸ್ ಪಾದ್ರಿ ಇಟ್ಟದ್ದು. ಇಂಡೋನೇಷ್ಯಾದ ಅಂಬೊನ್ ದ್ವೀಪದ ಹೆಸರು ಅದರಲ್ಲಿದೆ. ಅಮೆರಿಕದಲ್ಲಿರುವ ಕನ್ನಡಿಗರು ಊರಿಂದ ಕದ್ದುಮುಚ್ಚಿ ಕಡ್ಡಿ ಒಯ್ಯೋದು ಬೇಡ, ಅಲ್ಲಿಯ ನರ್ಸರಿಗಳಲ್ಲಿ ಕ್ಯೂಬನ್ ಓರೆಗಾನೊ ಅಂತ ಕೇಳಿದರೆ ಇದೇ ಸಿಗುತ್ತದೆ. ಹಿಮ ತಡೆಯೋದಿಲ್ಲ, ಚಳಿ ಬರುವ ಮೊದಲು ಒಳಗೆ ತರಬೇಕು.

ಕೊಳ್ಳುವಾಗ ಒಂದು ಎಚ್ಚರ. ‘ವಿಕ್ಸ್ ಗಿಡ’ ಅಂತ ಪುಟ್ಟ ದುಂಡು ಎಲೆಯ ಇನ್ನೊಂದು ಗಿಡ ಮಾರುತ್ತಾರೆ. ಮುಟ್ಟಿದರೆ ಮೆಂಥಾಲ್ ವಾಸನೆ. ಅದರ ತಂಬುಳಿ ಮಾಡಬೇಡಿ. ಬಿಳಿ ಅಂಚಿನ ದೊಡ್ಡಪತ್ರೆಯೂ ದೊಡ್ಡಪತ್ರೆಯೇ, ತಿನ್ನಬಹುದು, ಬೆಳೆಯೋದು ಸ್ವಲ್ಪ ನಿಧಾನ.

ತಂಬುಳಿ ನಿಮ್ಮ ಅಮ್ಮನಿಗೆ ನಾನು ಹೇಳಿಕೊಡಬೇಕಿಲ್ಲ. ಆದರೂ ನಾನು ಮಾಡುವ ಬಗೆ ಬರೆದಿರುತ್ತೇನೆ. ಹನ್ನೆರಡು ಎಲೆ ತೊಳೆದು ಹೆಚ್ಚಿ, ಒಂದು ಚಮಚ ತುಪ್ಪದಲ್ಲಿ ಅರ್ಧ ಚಮಚ ಜೀರಿಗೆ, ನಾಲ್ಕೈದು ಕಾಳುಮೆಣಸಿನ ಜೊತೆ ಹುರಿಯಿರಿ. ಎಲೆ ಕುಗ್ಗಿ ಬಣ್ಣ ಮಂಕಾಗಬೇಕು, ಹಸಿ ಘಾಟು ಹೋಗಬೇಕು. ಅರೆಬರೆ ಹುರಿದರೆ ಗಂಟಲು ಕೆರೆಯುತ್ತದೆ. ಪೂರ್ತಿ ಆರಿದ ಮೇಲೆ ಕಾಲು ಕಪ್ ತೆಂಗಿನತುರಿ ಜೊತೆ ನುಣ್ಣಗೆ ರುಬ್ಬಿ, ಹುಳಿಯಿಲ್ಲದ ಮಜ್ಜಿಗೆ ಒಂದೂವರೆ ಕಪ್, ಉಪ್ಪು ಸೇರಿಸಿ. ತುಪ್ಪದಲ್ಲಿ ಸಾಸಿವೆ, ಒಣಮೆಣಸಿನ ಒಗ್ಗರಣೆ. ಬಿಸಿ ಮಾಡೋದು ಬೇಡ, ಒಡೆಯುತ್ತದೆ. ಮಳೆಗಾಲದ ಸಂಜೆಗೆ ಬಜ್ಜಿಯೂ ಆಗುತ್ತದೆ. ಎಲೆ ದಪ್ಪ ಇರೋದರಿಂದ ಹಿಟ್ಟು ಚೆನ್ನಾಗಿ ಹಿಡಿಯುತ್ತದೆ. ಎಲೆಯನ್ನು ಬಟ್ಟೆಯಲ್ಲಿ ಒರೆಸಿಯೇ ಅದ್ದಿ, ಇಲ್ಲದಿದ್ದರೆ ಎಣ್ಣೆ ಸಿಡಿಯುತ್ತದೆ.

ಮದ್ದಿನ ವಿಷಯ. ಥೈಮಾಲ್, ಕಾರ್ವಕ್ರಾಲ್ ಎರಡೂ ಬ್ಯಾಕ್ಟೀರಿಯಾ ಕೊಲ್ಲುತ್ತವೆ, ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ. ಹೊಟ್ಟೆಗೆ ಹೋದ ನಾಲ್ಕು ಎಲೆ ಅದೇ ಕೆಲಸ ಮಾಡುತ್ತದೆ ಅಂತ ಅರ್ಥ ಅಲ್ಲ. ದೊಡ್ಡವರಿಗೆ ಗಂಟಲು ಕೆರೆತಕ್ಕೆ ಎಲೆ ಬಾಡಿಸಿ ರಸ ಹಿಂಡಿ ಜೇನಲ್ಲಿ ನೆಕ್ಕೋದು ಹಿತ, ನಾನೂ ಮಾಡುತ್ತೇನೆ. ಪಿತ್ತದ ಗಂಧೆ ಎದ್ದಾಗ ಎಲೆ ತಿಕ್ಕುವ ರೂಢಿ ಇದೆ. ಕೆಲವರ ಚರ್ಮಕ್ಕೆ ಇದೇ ಉರಿ ತರುತ್ತದೆ, ಮೊದಲು ಒಂದು ಚೂರು ಜಾಗಕ್ಕೆ ಹಚ್ಚಿ ನೋಡಿ. ಗಂಧೆ ಜೊತೆ ತುಟಿ ಊದಿದರೆ, ಉಸಿರು ಕಟ್ಟಿದರೆ ಎಲೆ ಹುಡುಕುತ್ತಾ ಕೂರಬೇಡಿ, ಆಸ್ಪತ್ರೆಗೆ ಹೋಗಿ. ಮೂತ್ರಪಿಂಡದ ಕಲ್ಲು ಕರಗಿಸುತ್ತದೆ ಅನ್ನೋ ಮಾತೂ ಓಡಾಡುತ್ತಿದೆ. ಅದರಲ್ಲಿ ಹೆಸರಿನ ಗೊಂದಲವೂ ಇದೆ. ‘ಪಾಷಾಣಭೇದ’ (ಕಲ್ಲು ಒಡೆಯುವುದು) ಅನ್ನುವ ಆಯುರ್ವೇದದ ಹೆಸರನ್ನು ಬೇರೆ ಬೇರೆ ಊರಿನಲ್ಲಿ ಬೇರೆ ಬೇರೆ ಗಿಡಕ್ಕೆ ಅಂಟಿಸಿದ್ದಾರೆ. ಸಾಮಾನ್ಯವಾಗಿ ಒಪ್ಪಿರೋದು ಹಿಮಾಲಯದ ಬರ್ಗೇನಿಯಾ ಗಿಡ. ದೊಡ್ಡಪತ್ರೆಗೂ ಆ ಹೆಸರು ಬಂದು ಕೂತಿದೆ.

ನಿಮ್ಮ ಮಗುವಿಗೆ ಬೇಡ. ರಸ, ಜೇನು ಎರಡೂ ಬೇಡ. ಜೇನುತುಪ್ಪದಲ್ಲಿ ಕೆಲವೊಮ್ಮೆ ಬಾಟುಲಿಸಂ ಅನ್ನುವ ಅಪಾಯದ ಕಾಯಿಲೆ ತರುವ ಬ್ಯಾಕ್ಟೀರಿಯಾದ ಬೀಜಕಣ ಇರುತ್ತದೆ. ದೊಡ್ಡವರ ಕರುಳು ಅದನ್ನು ಬೆಳೆಯೋಕೆ ಬಿಡೋದಿಲ್ಲ. ಒಂದು ವರ್ಷದೊಳಗಿನ ಮಗುವಿನ ಕರುಳಿಗೆ ಆ ಶಕ್ತಿ ಬಂದಿರೋದಿಲ್ಲ. ಹಾಗಾಗಿ ವರ್ಷ ತುಂಬುವ ತನಕ ಜೇನು ನೆಕ್ಕಿಸಲೇಬಾರದು, ಬೆರಳ ತುದಿಯಷ್ಟೂ. ರಸದ ಘಾಟು ಆ ಪುಟ್ಟ ಗಂಟಲಿಗೆ, ಹೊಟ್ಟೆಗೆ ತೀರಾ ಜಾಸ್ತಿ. ಮೂಗಿಗೆ ಹನಿ ಬಿಡೋದಂತೂ ಯೋಚನೆಯನ್ನೇ ಮಾಡಬೇಡಿ. ನೆಗಡಿಗೆ ಮಕ್ಕಳ ಡಾಕ್ಟರು ಹೇಳಿದ್ದು ಮಾಡಿ. ಉಸಿರು ಜೋರಾಗಿ ಎಳೆಯುತ್ತಿದ್ದರೆ, ಎದೆ ಒಳಕ್ಕೆ ಸೇದುತ್ತಿದ್ದರೆ, ಹಾಲು ಬಿಟ್ಟರೆ ಕಾಯಬೇಡಿ.

ಅತ್ತೆಗೆ ಬೇಸರ ಆಗುತ್ತದೆ ಅನ್ನೋದಾದರೆ ಇನ್ನೊಂದು ಸಂಗತಿ ಹೇಳಿ. ಸುಮಾತ್ರಾದ ಬಟಕ್ ಜನ ಈ ಸೊಪ್ಪನ್ನು ಹಾಲೂಡಿಸುವ ತಾಯಿಗೆ ಸಾರು ಮಾಡಿ ಬಡಿಸುತ್ತಾರೆ, ಹೆರಿಗೆಯಾದ ಮೇಲೆ ತಿಂಗಳ ಕಾಲ. ಎದೆಹಾಲು ಹೆಚ್ಚಲಿ ಅಂತ. ಅಲ್ಲಿಯೂ ಉಣ್ಣೋದು ತಾಯಿ, ಮಗು ಅಲ್ಲ. ಹೊಸ ಕಡ್ಡಿ ಚಿಗುರಿದ ಮೇಲೆ ಮೊದಲ ತುದಿ ಕತ್ತರಿಸಿ ಅತ್ತೆಯ ಕೈಲಿ ಕೊಡಿ, ತಂಬುಳಿ ಅವರೇ ಮಾಡಲಿ.